ಮಣ್ಣಿನ ಅಂಕಣವೂ ಬೆಟ್ಟದ ಗಾಳಿಯೂ

ಟೆನ್ನಿಸ್ ಆಟವನ್ನು ಬಲ್ಲವರು ಮಣ್ಣಿನ ಅಂಕಣವನ್ನು ನಿಧಾನವಾದುದೆಂದೂ ಹುಲ್ಲಿನ ಅಂಕಣವನ್ನು ವೇಗವಾದುದೆಂದೂ ಹೇಳುವುದು ವಾಡಿಕೆ. ಅಂಕಣವಾದರೋ ಇದ್ದಲ್ಲಿಯೇ ಇರುವ ವಸ್ತು. ನಿಧಾನ, ವೇಗ ಎಂಬ ಮಾತುಗಳು ಸಲ್ಲುವುದು ಅದರ ಮೇಲೆ ಪುಟಿಯುವ ಚೆಂಡಿಗೆ. ಹಾಗಿದ್ದರೆ ಚೆಂಡಿನ ವೇಗದಲ್ಲಿ ಎಷ್ಟು ಭಾಗವನ್ನು ನೆಲವು ತೆಗೆದುಕೊಳ್ಳುತ್ತದೆ? ಎಷ್ಟು ಭಾಗವನ್ನು ಗಾಳಿಯು ತೆಗೆದುಕೊಳ್ಳುತ್ತದೆ? ನೆಲವು ನಿಧಾನವಾಗಿದ್ದು ಗಾಳಿಯು ತೆಳುವಾಗಿದ್ದರೆ ಆಟವು ಯಾವ ಕಡೆಗೆ ವಾಲುತ್ತದೆ? ಈ ಪ್ರಶ್ನೆಗಳನ್ನು ವಿಚಾರಿಸಲು ಸ್ವಿಟ್ಸರ್ಲೆಂಡಿನ ಗ್‌ಸ್ಟಾಡ್ ಎಂಬ ಊರಿನಲ್ಲಿ ನಡೆಯುವ ಸಣ್ಣದೊಂದು ಪಂದ್ಯಾವಳಿಯು ನಮಗೆ ಉತ್ತಮ ಉದಾಹರಣೆಯಾಗಿದೆ. ಪ್ರೌಢಶಾಲೆಯಲ್ಲಿ ಕಲಿತ ಭೌತಶಾಸ್ತ್ರವೇ ಇದಕ್ಕೆ ಸಾಕು.

ಬೆಟ್ಟದ ಮೇಲಿನ ಪಂದ್ಯಾವಳಿ

ಗ್‌ಸ್ಟಾಡ್ ಊರು ಬರ್ನ್ ಪ್ರಾಂತದಲ್ಲಿ, ಆಲ್ಪ್ಸ್ ಪರ್ವತಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು ೧೦೫೦ ಮೀಟರು ಎತ್ತರದಲ್ಲಿದೆ. ನಮ್ಮ ಮಡಿಕೇರಿಗಿಂತ ಅದು ಸ್ವಲ್ಪವೇ ತಗ್ಗು. ಪ್ರತಿವರ್ಷ ಜುಲೈ ತಿಂಗಳಲ್ಲಿ, ವಿಂಬಲ್ಡನ್ ಪಂದ್ಯಗಳು ಮುಗಿದ ಬಳಿಕ, ವೃತ್ತಿನಿರತ ಪುರುಷ ಆಟಗಾರರು ಇಲ್ಲಿಯ ಕೆಂಪು ಮಣ್ಣಿನ ಅಂಕಣಗಳಲ್ಲಿ ಸ್ಪರ್ಧಿಸುತ್ತಾರೆ. ಇಲ್ಲಿಯ ಮುಖ್ಯ ಅಂಕಣಕ್ಕೆ ಆಸ್ಟ್ರೇಲಿಯದ ಹಿರಿಯ ಆಟಗಾರ ರಾಯ್ ಎಮರ್ಸನ್ ಅವರ ಹೆಸರನ್ನಿಡಲಾಗಿದೆ. ಅವರು ಇಲ್ಲಿ ಐದು ಸಲ ಗೆದ್ದವರು.

ಈ ಪಂದ್ಯಾವಳಿಯನ್ನು ಸಣ್ಣದೆಂದು ಕರೆಯಲು ಕಾರಣವುಂಟು. ವಿಂಬಲ್ಡನ್ನಿನಂತಹ ಮಹಾಪಂದ್ಯಾವಳಿಯಲ್ಲಿ ಗೆದ್ದವನಿಗೆ ಶ್ರೇಯಾಂಕದ ಪಟ್ಟಿಗಾಗಿ ೨೦೦೦ ಅಂಕಗಳು ದೊರೆತರೆ, ಇಲ್ಲಿ ಗೆದ್ದವನಿಗೆ ದೊರೆಯುವುದು ೨೫೦ ಮಾತ್ರ. ಅಲ್ಲಿ ಒಂಟಿಯಾಟದಲ್ಲಿ ೧೨೮ ಮಂದಿ ಸೆಣಸಿದರೆ, ಇಲ್ಲಿ ೨೮ ಮಂದಿ. ಈ ೨೮ರಲ್ಲಿ ನಾಲ್ವರು ಅಗ್ರಶ್ರೇಣಿಯವರಿಗೆ ಮೊದಲ ಸುತ್ತಿನಲ್ಲಿ ಆಟವಿರುವುದಿಲ್ಲ. ಉಳಿದ ೨೪ ಮಂದಿ ಪರಸ್ಪರ ಆಡಿ, ಅವರಲ್ಲಿ ೧೨ ಮಂದಿ ಒಂದೇ ಒಂದು ಪಂದ್ಯವನ್ನಾಡಿ ಊರಿಗೆ ಹಿಂದಿರುಗುತ್ತಾರೆ. ಅವರಲ್ಲಿ ಎಷ್ಟೋ ಮಂದಿಗೆ ಇಂತಹ ಸಣ್ಣ ಪಂದ್ಯಾವಳಿಗಳ ಅಂಕಗಳೇ ಜೀವನಾಧಾರ. ಹೀಗಾಗಿ ಬೆಟ್ಟದ ಗಾಳಿಗೆ ತನ್ನ ಹೊಡೆತವನ್ನು ಹೊಂದಿಸಿಕೊಳ್ಳಲು ಆಟಗಾರನಿಗೆ ಸಿಕ್ಕುವ ಕಾಲವು ಬಹು ಸ್ವಲ್ಪ; ಆ ಹೊಂದಿಕೆಯು ಎರಡು ದಿನ ತಡವಾಗಿ ಬಂದರೆ ಅದರಿಂದ ಪ್ರಯೋಜನವೂ ಇಲ್ಲ.

ಅಂಕಣದ ರಚನೆ

ಮಣ್ಣಿನ ಅಂಕಣವೆಂದೊಡನೆ ಹೊಲದ ಮಣ್ಣನ್ನು ಹದಮಾಡಿ ತಟ್ಟಿದ ನೆಲವೆಂದು ವಾಚಕರು ಭಾವಿಸಬಹುದು. ಯೂರೋಪಿನ ಕೆಂಪು ಅಂಕಣವು ಅಂತಹುದಲ್ಲ. ಅದರ ಮೇಲ್ಪದರವು ಸುಟ್ಟ ಇಟ್ಟಿಗೆಯ ಪುಡಿ. ೧೮೮೦ರ ಸುಮಾರಿಗೆ ಇಂಗ್ಲೆಂಡಿನ ರೆನ್‌ಷಾ ಸಹೋದರರು ಫ್ರಾನ್ಸಿನ ಕಾನ್ ಪಟ್ಟಣದಲ್ಲಿ ಬಿಸಿಲಿಗೆ ಬಾಡಿಹೋಗುತ್ತಿದ್ದ ಹುಲ್ಲಂಕಣವನ್ನು ಕಾಪಾಡಲೆಂದು ಸುಟ್ಟ ಮಡಕೆಗಳ ಪುಡಿಯನ್ನು ಅದರ ಮೇಲೆ ಹರಡಿದರೆಂದೂ, ಈ ಪದ್ಧತಿಯು ಅಲ್ಲಿಂದಲೇ ಹಬ್ಬಿತೆಂದೂ ಟೆನ್ನಿಸಿನ ಇತಿಹಾಸದಲ್ಲಿ ಹೇಳುತ್ತಾರೆ.

ಪ್ಯಾರಿಸ್ಸಿನ ರೋಲಾಂ ಗಾರೋ ಅಂಕಣಗಳನ್ನು ಇದಕ್ಕೆ ಮಾದರಿಯಾಗಿ ತೆಗೆದುಕೊಳ್ಳಬಹುದು. ಅಲ್ಲಿ ಎಲ್ಲಕ್ಕಿಂತ ಕೆಳಗೆ ೩೦ ಸೆಂಟಿಮೀಟರಿನಷ್ಟು ಜಲ್ಲಿ. ಅದರ ಮೇಲೆ ಏಳೆಂಟು ಸೆಂಟಿಮೀಟರು ದಪ್ಪ, ಕಲ್ಲಿದ್ದಲು ಉರಿದುಳಿದ ಕಿಟ್ಟ. ಅದರ ಮೇಲೆ ಆರೇಳು ಸೆಂಟಿಮೀಟರು ಬಿಳಿಯ ಸುಣ್ಣಕಲ್ಲಿನ ಪುಡಿ. ಎಲ್ಲಕ್ಕೂ ಮೇಲೆ ಕೇವಲ ಒಂದೆರಡು ಮಿಲಿಮೀಟರು ಇಟ್ಟಿಗೆಯ ಪುಡಿ. ನಮ್ಮ ಕಣ್ಣಿಗೆ ಕಾಣುವ ಕೆಂಪು ಬಣ್ಣವೆಲ್ಲವೂ ಈ ತೆಳುವಾದ ಪದರದ್ದು. ಮಳೆಯ ನೀರು ಕಿಟ್ಟ, ಜಲ್ಲಿಗಳ ಸಂದುಗಳಲ್ಲಿ ಇಳಿದುಹೋಗುತ್ತದೆ. ಸುಣ್ಣಕಲ್ಲಿನ ಸೂಕ್ಷ್ಮರಂಧ್ರಗಳಾದರೋ ತೇವವನ್ನು ಹಿಡಿದಿಟ್ಟುಕೊಂಡು, ದೀಪದ ಬತ್ತಿಯು ಎಣ್ಣೆಯನ್ನು ಎಳೆಯುವಂತೆ, ಅದನ್ನು ಮೆಲ್ಲಗೆ ಮೇಲಕ್ಕೆ ಒದಗಿಸುತ್ತವೆ. ತೇವವು ಪುಡಿಯ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುತ್ತದೆ. ಅದು ಪೂರ್ತಿಯಾಗಿ ಆರಿದರೆ ಪುಡಿಯು ಗಾಳಿಗೆ ಹಾರಿ, ಕೆಳಗಿನ ಗಟ್ಟಿನೆಲವು ಬರಿದಾಗಿ, ಆಟವು ವೇಗಗೊಳ್ಳುತ್ತದೆ. ಆದ್ದರಿಂದಲೇ ಇಂತಹ ಅಂಕಣಗಳಿಗೆ ದಿನವೂ ನೀರು ಚಿಮುಕಿಸಿ, ಚಾಪೆಯನ್ನು ಎಳೆದು ಪುಡಿಯನ್ನು ಸಮಮಾಡುತ್ತಾರೆ.

ಪುಟಿತದ ಲೆಕ್ಕ

ಚೆಂಡು ನೆಲಕ್ಕೆ ತಗಲುವ ಕಾಲವು ಸುಮಾರು ಒಂದು ಸೆಕೆಂಡಿನ ಇನ್ನೂರನೆಯ ಒಂದು ಭಾಗ. ಈ ಅಲ್ಪಕಾಲದಲ್ಲಿ ಎರಡು ಸಂಗತಿಗಳು ನಡೆಯುತ್ತವೆ. ಕೆಳಮುಖವಾದ ವೇಗವು ತಿರುಗಿ ಮೇಲ್ಮುಖವಾಗುತ್ತದೆ; ಮುಂದಕ್ಕೆ ಸಾಗುವ ವೇಗವು ಘರ್ಷಣೆಯಿಂದ ಕುಂದುತ್ತದೆ. ಮೊದಲನೆಯದನ್ನು ಅಳೆಯುವುದು ಪುಟಿತಾಂಕ. ಎಂದರೆ ಮೇಲಕ್ಕೇಳುವ ವೇಗವನ್ನು ಕೆಳಕ್ಕೆ ಬಂದ ವೇಗದಿಂದ ಭಾಗಿಸಿದ ಸಂಖ್ಯೆ. ಎರಡನೆಯದನ್ನು ಅಳೆಯುವುದು ಘರ್ಷಣಾಂಕ. ಚೆಂಡು ನೆಲದ ಮೇಲೆ ಜಾರುತ್ತಿರುವವರೆಗೆ ನಿಯಮವು ಹೀಗಿದೆ: ಮುಂದಿನ ವೇಗದಲ್ಲಾಗುವ ನಷ್ಟವು, ಕೆಳಮುಖ ವೇಗ ಮತ್ತು ಮೇಲ್ಮುಖ ವೇಗ ಇವೆರಡರ ಮೊತ್ತವನ್ನು ಘರ್ಷಣಾಂಕದಿಂದ ಗುಣಿಸಿದಷ್ಟು.

ಮಣ್ಣಿನ ಅಂಕಣಕ್ಕೆ ಘರ್ಷಣಾಂಕವನ್ನು ೦.೮ ಎಂದೂ ಪುಟಿತಾಂಕವನ್ನು ೦.೮೫ ಎಂದೂ, ಹುಲ್ಲಿಗೆ ಕ್ರಮವಾಗಿ ೦.೬ ಮತ್ತು ೦.೭೫ ಎಂದೂ ಇಟ್ಟುಕೊಳ್ಳೋಣ. ಅಂಕಣದಿಂದ ಅಂಕಣಕ್ಕೆ ಇವು ಸ್ವಲ್ಪ ಬದಲಾದರೂ ಸಾಮಾನ್ಯವಾಗಿ ಕಂಡುಬರುವ ಬೆಲೆಗಳು ಇವೇ. ಸರ್ವ್ ಮಾಡಿದ ಚೆಂಡೊಂದು ಸೆಕೆಂಡಿಗೆ ೩೭.೫ ಮೀಟರು ಮುಂದಕ್ಕೂ ೬.೫ ಮೀಟರು ಕೆಳಕ್ಕೂ ಸಾಗುತ್ತ ನೆಲಕ್ಕೆ ಬೀಳುತ್ತದೆಯೆನ್ನೋಣ.

ಮಣ್ಣಿನ ಮೇಲೆ ಅದು ಸೆಕೆಂಡಿಗೆ ಸುಮಾರು ೫.೫ ಮೀಟರು ವೇಗದಿಂದ ಮೇಲಕ್ಕೇಳುತ್ತದೆ. ಎರಡೂ ಊರ್ಧ್ವವೇಗಗಳ ಮೊತ್ತ ೧೨, ಅದನ್ನು ೦.೮ರಿಂದ ಗುಣಿಸಿದರೆ ನಷ್ಟವು ೯.೬. ಆದುದರಿಂದ ಮುಂದಿನ ವೇಗವು ೨೭.೯ಕ್ಕೆ ಇಳಿಯುತ್ತದೆ. ಹುಲ್ಲಿನ ಮೇಲೆ ಮೇಲೇಳುವ ವೇಗವು ೪.೯, ನಷ್ಟವು ೬.೮, ಉಳಿಯುವ ಮುಂದಿನ ವೇಗವು ೩೦.೭. ಇನ್ನು ಎತ್ತರವನ್ನು ನೋಡಿದರೆ, ಅಡ್ಡಿಯಿಲ್ಲದೆ ಬಿಟ್ಟಲ್ಲಿ ಮಣ್ಣಿನಿಂದೆದ್ದ ಚೆಂಡು ಸುಮಾರು ೧೫೫ ಸೆಂಟಿಮೀಟರು ಏರಬಲ್ಲದು. ಹುಲ್ಲಿನಿಂದೆದ್ದುದು ೧೨೧ ಸೆಂಟಿಮೀಟರು ಮಾತ್ರ. ಒಂದೇ ಸರ್ವ್ ಮಣ್ಣಿನಲ್ಲಿ ಭುಜದ ಎತ್ತರಕ್ಕೆ ತಡವಾಗಿ ಬರುತ್ತದೆ. ಹುಲ್ಲಿನಲ್ಲಿ ಸೊಂಟದ ಎತ್ತರದಲ್ಲೇ ಬೇಗನೆ ಹಾದುಹೋಗುತ್ತದೆ. ನಿಧಾನದ ಅಂಕಣವೆಂಬ ಮಾತಿನ ಅರ್ಥವು ಇದೇ.

ಈ ನಿಯಮದಲ್ಲಿ ವಿದ್ಯಾರ್ಥಿಗಳು ಗಮನಿಸತಕ್ಕ ಒಂದು ಅಂಶವಿದೆ. ನಷ್ಟವು ಚೆಂಡು ಎಷ್ಟು ಕಡಿದಾಗಿ ಇಳಿಯಿತೆಂಬುದನ್ನು ಅವಲಂಬಿಸಿದೆಯೇ ಹೊರತು, ಅದು ಎಷ್ಟು ವೇಗವಾಗಿ ಮುಂದಕ್ಕೆ ಬಂದಿತೆಂಬುದನ್ನಲ್ಲ. ಮುಂದಿನ ವೇಗವು ೩೭ ಇದ್ದರೂ ೩೯ ಇದ್ದರೂ, ಕೆಳಮುಖ ವೇಗವು ಅಷ್ಟೇ ಇದ್ದರೆ ನೆಲವು ತೆಗೆದುಕೊಳ್ಳುವುದು ಅದೇ ೯.೬ನ್ನು. ಬೆಟ್ಟದ ಗಾಳಿಯ ವಿಚಾರಕ್ಕೆ ಬಂದಾಗ ಇದು ನಮಗೆ ಬೇಕಾಗುತ್ತದೆ.

ಚೆಂಡಿಗೆ ಹಿಡಿತ, ಪಾದಕ್ಕೆ ಜಾರುವಿಕೆ

ಮಣ್ಣಿನ ಅಂಕಣದಲ್ಲಿ ಆಟಗಾರರು ಒಂದೆರಡು ಮೀಟರು ದೂರ ಜಾರುತ್ತಲೇ ಚೆಂಡನ್ನು ಹೊಡೆಯುವುದನ್ನು ವಾಚಕರು ಕಂಡಿರಬಹುದು. ಚೆಂಡನ್ನು ಅಷ್ಟು ಬಲವಾಗಿ ಹಿಡಿಯುವ ನೆಲವು ಮನುಷ್ಯನ ಪಾದವನ್ನು ಜಾರಲು ಬಿಡುವುದೇಕೆ? ಘರ್ಷಣೆಯು ಕೇವಲ ನೆಲದ ಗುಣವಲ್ಲ. ಒಂದನ್ನೊಂದು ಮುಟ್ಟುವ ಎರಡು ವಸ್ತುಗಳ ಕೂಡಾಟದ ಗುಣ. ಚೆಂಡು ಹಗುರವಾದುದು, ಮೆತ್ತಗಿನದು. ಅದರ ತೂಕ ೫೬ರಿಂದ ೫೯.೪ ಗ್ರಾಂ. ಅದರ ಮೇಲಿನ ಉಣ್ಣೆಯ ನವಿರುಗಳು ಪುಡಿಯ ಕಣಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅಷ್ಟೇ ಅಲ್ಲದೆ, ಚೆಂಡು ಜಾರುತ್ತ ತನ್ನ ಮುಂದೆ ಪುಡಿಯ ಚಿಕ್ಕ ದಿಣ್ಣೆಯೊಂದನ್ನು ಕೂಡಿಸಿಕೊಂಡು ಅದನ್ನೇ ಏರುತ್ತದೆ. ಆ ದಿಣ್ಣೆಯು ಮುಂದಿನ ಚಲನೆಯನ್ನು ತಡೆಯುವುದಲ್ಲದೆ ಚೆಂಡನ್ನು ಮೇಲಕ್ಕೂ ತಿರುಗಿಸುತ್ತದೆ. ಮಣ್ಣಿನಲ್ಲಿ ಪುಟಿತಾಂಕವು ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಆಟಗಾರನ ಪಾದದ ಕೆಳಗೆ ನಡೆಯುವುದು ಬೇರೆ. ಎಪ್ಪತ್ತು ಎಂಬತ್ತು ಕಿಲೋಗ್ರಾಂ ಭಾರವು ಪುಡಿಯನ್ನು ಗಟ್ಟಿನೆಲಕ್ಕೆ ಒತ್ತಿದಾಗ, ಸಡಿಲವಾದ ಕಣಗಳು ಅಟ್ಟೆಗೂ ನೆಲಕ್ಕೂ ನಡುವೆ ಉರುಳತೊಡಗುತ್ತವೆ. ಬಂಡಿಯ ಅಚ್ಚಿನಲ್ಲಿಟ್ಟ ಉಕ್ಕಿನ ಗುಂಡುಗಳಂತೆ ಅವು ಕೆಲಸ ಮಾಡುತ್ತವೆ. ಪುಡಿಯ ಗುಣವು ಕೆಟ್ಟರೆ ಈ ಜಾರುವಿಕೆಯು ಮಿತಿಮೀರುವುದುಂಟು. ೨೦೧೨ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ನೀಲಿ ಬಣ್ಣದ ಪುಡಿಯ ಅಂಕಣಗಳನ್ನು ಮಾಡಿದಾಗ, ಅವು ಅತಿಯಾಗಿ ಜಾರುತ್ತವೆಂದು ನಡಾಲ್, ಜೋಕೊವಿಚ್ ಮೊದಲಾದವರು ಆಕ್ಷೇಪಿಸಿದರು. ಮರುವರ್ಷದಿಂದ ಮತ್ತೆ ಕೆಂಪು ಅಂಕಣವೇ ಬಂದಿತು.

ಗಾಳಿಯ ಪಾತ್ರ

ಇದುವರೆಗೆ ನಾವು ನೆಲವನ್ನು ವಿಚಾರಿಸಿದೆವು. ಇನ್ನು ಗಾಳಿಯನ್ನು ನೋಡೋಣ. ಎತ್ತರಕ್ಕೆ ಹೋದಂತೆ ವಾಯುವಿನ ಒತ್ತಡವೂ ಸಾಂದ್ರತೆಯೂ ಕಡಮೆಯಾಗುತ್ತವೆ. ೧೦೫೦ ಮೀಟರು ಎತ್ತರದಲ್ಲಿ, ಸಮುದ್ರಮಟ್ಟಕ್ಕೆ ಹೋಲಿಸಿದರೆ, ಒತ್ತಡವು ನೂರಕ್ಕೆ ೧೨ರಷ್ಟೂ ಸಾಂದ್ರತೆಯು ನೂರಕ್ಕೆ ೧೦ರಷ್ಟೂ ಕಡಮೆ. ಚೆಂಡಿಗೆ ಗಾಳಿಯು ಒಡ್ಡುವ ತಡೆಯು ಸಾಂದ್ರತೆಗೆ ಅನುಗುಣವಾಗಿರುವುದರಿಂದ, ಆ ತಡೆಯೂ ಹತ್ತರಲ್ಲಿ ಒಂದು ಪಾಲು ಕುಗ್ಗುತ್ತದೆ.

ಗಂಟೆಗೆ ೨೦೦ ಕಿಲೋಮೀಟರು ವೇಗದ ಸರ್ವ್ ೧೮.೩ ಮೀಟರು ಸಾಗಿ ಸರ್ವ್ ಗೆರೆಯ ಬಳಿ ನೆಲಕ್ಕೆ ಬೀಳುತ್ತದೆಯಷ್ಟೆ. ಗಾಳಿಯ ತಡೆಯ ಅಂಕವನ್ನು ೦.೫೫ ಎಂದು ಹಿಡಿದು ಲೆಕ್ಕ ಮಾಡಿದರೆ, ಸಮುದ್ರಮಟ್ಟದಲ್ಲಿ ಅದು ನೆಲವನ್ನು ಮುಟ್ಟುವಾಗ ಉಳಿದಿರುವ ವೇಗ ಗಂಟೆಗೆ ೧೩೭ ಕಿಲೋಮೀಟರು, ಗ್‌ಸ್ಟಾಡಿನಲ್ಲಿ ೧೪೨. ನೆಲವು ಏನನ್ನೂ ಮಾಡುವ ಮೊದಲೇ ಗಾಳಿಯು ಮೂರರಲ್ಲೊಂದು ಪಾಲಿನಷ್ಟು ವೇಗವನ್ನು ತೆಗೆದುಕೊಂಡಿರುತ್ತದೆಂಬುದನ್ನು ಇಲ್ಲಿ ಗಮನಿಸಬೇಕು.

ಹೆಚ್ಚಾಗಿ ಉಳಿದ ೫ ಕಿಲೋಮೀಟರು ಅಲ್ಪವೆಂದು ತೋರಬಹುದು. ಆದರೆ ಹಿಂದಿನ ಲೆಕ್ಕವನ್ನು ಮುಂದುವರಿಸೋಣ. ಕೆಳಮುಖ ವೇಗವು ೬.೫ ಆಗಿಯೇ ಇದ್ದರೆ, ಮುಂದಿನ ವೇಗವು ಈಗ ೩೭.೫ರ ಬದಲು ೩೮.೯. ನೆಲವು ತೆಗೆದುಕೊಳ್ಳುವುದು ಮತ್ತೆ ೯.೬, ಉಳಿಯುವುದು ೨೯.೩. ತಗ್ಗುನಾಡಿನ ಮಣ್ಣಿಗೂ ಹುಲ್ಲಿಗೂ ಇದ್ದ ಅಂತರವು ಸೆಕೆಂಡಿಗೆ ೨.೮ ಮೀಟರು. ಅದರಲ್ಲಿ ೧.೪ನ್ನು, ಎಂದರೆ ಸರಿಯಾಗಿ ಅರ್ಧವನ್ನು, ಬೆಟ್ಟದ ಗಾಳಿಯು ಹಿಂದಕ್ಕೆ ಕೊಟ್ಟಿದೆ. ಚೆಂಡಿನ ಏರಿಕೆಯು ಮಾತ್ರ ಮಣ್ಣಿನದೇ ಆಗಿ ಉಳಿಯುತ್ತದೆ. ವೇಗವೂ ಎತ್ತರವೂ ಕೂಡಿದ ಇಂತಹ ಸರ್ವನ್ನು ಎದುರಿಸುವುದು ಬಹು ಕಷ್ಟ.

ಪರಸ್ಪರ ಹೊಡೆತಗಳಲ್ಲಿ ತೊಂದರೆಯು ಬೇರೆ ವಿಧವಾದುದು. ಅಂಕಣದ ಉದ್ದ ೨೩.೭೭ ಮೀಟರು. ತನ್ನ ಕೊನೆಯ ಗೆರೆಯ ಮೇಲೆ ನಿಂತ ಆಟಗಾರನು ಗಂಟೆಗೆ ೧೧೦ ಕಿಲೋಮೀಟರು ವೇಗದಿಂದ ಹೊಡೆದ ಚೆಂಡು ಸಮುದ್ರಮಟ್ಟದಲ್ಲಿ ೨೩.೪೦ ಮೀಟರು ದೂರದಲ್ಲಿ, ಎಂದರೆ ಎದುರಿನ ಗೆರೆಗಿಂತ ೩೭ ಸೆಂಟಿಮೀಟರು ಒಳಗೆ ಬೀಳುತ್ತದೆಯೆಂದು ಭಾವಿಸೋಣ. ಅದೇ ಹೊಡೆತ, ಗಾಳಿಯಲ್ಲಿರುವ ಕಾಲವೂ ಅದೇ. ಆದರೆ ಗ್‌ಸ್ಟಾಡಿನ ಗಾಳಿಯಲ್ಲಿ ಅದು ಸುಮಾರು ೨೩.೮೮ ಮೀಟರು ಸಾಗುತ್ತದೆ. ಒಳಗೆ ಬೀಳಬೇಕಾಗಿದ್ದ ಚೆಂಡು ಗೆರೆಯಿಂದ ೧೧ ಸೆಂಟಿಮೀಟರು ಹೊರಗೆ ಬಿದ್ದು ಅಂಕವು ಎದುರಾಳಿಯ ಪಾಲಾಗುತ್ತದೆ.

ಇದು ತಡೆಯ ಲೆಕ್ಕ ಮಾತ್ರ. ಇದರ ಮೇಲೆ ಚೆಂಡಿನ ತಿರುಗುವಿಕೆಯೂ ಉಂಟು. ಮುಂದಕ್ಕೆ ಉರುಳುವಂತೆ ತಿರುಗಿಸಿ ಹೊಡೆದ ಚೆಂಡು ಗಾಳಿಯನ್ನು ಮೇಲಕ್ಕೆ ತಳ್ಳಿ ತಾನು ಕೆಳಕ್ಕೆ ಬಾಗುತ್ತದೆ. ಇದನ್ನು ಮ್ಯಾಗ್ನಸ್ ಪರಿಣಾಮವೆಂದು ಕರೆಯುತ್ತಾರೆ. ಮಣ್ಣಿನ ಅಂಕಣದ ನಿಪುಣರು ಬಲವಾಗಿ ಹೊಡೆದೂ ಚೆಂಡನ್ನು ಒಳಗೆ ಇರಿಸುವುದು ಈ ಬಲದ ನೆರವಿನಿಂದ. ಈ ಬಲವೂ ಸಾಂದ್ರತೆಯನ್ನು ಅನುಸರಿಸುವುದರಿಂದ ಬೆಟ್ಟದಲ್ಲಿ ಹತ್ತರಲ್ಲೊಂದು ಪಾಲು ಕಡಮೆಯಾಗುತ್ತದೆ. ತಡೆಯು ಕುಗ್ಗಿ ಚೆಂಡು ದೂರ ಹೋಗುವ ಹೊತ್ತಿಗೇ, ಅದನ್ನು ಕೆಳಕ್ಕೆ ಎಳೆಯುವ ಬಲವೂ ಕುಗ್ಗಿರುತ್ತದೆ.

ಉಷ್ಣತೆಯನ್ನೂ ಮರೆಯತಕ್ಕದ್ದಲ್ಲ. ಉಷ್ಣತೆಯು ಹತ್ತು ಡಿಗ್ರಿ ಏರಿದರೆ ಗಾಳಿಯ ಸಾಂದ್ರತೆಯು ನೂರಕ್ಕೆ ಮೂರಕ್ಕಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ. ಬೆಟ್ಟದ ಊರಿನಲ್ಲಿ ಬಿಸಿಲಿನ ಮಧ್ಯಾಹ್ನಕ್ಕೂ ಮೋಡ ಕವಿದ ತಂಪಾದ ಸಂಜೆಗೂ ೧೫ ಡಿಗ್ರಿ ವ್ಯತ್ಯಾಸವಾದರೆ, ಅದೊಂದರಿಂದಲೇ ಎತ್ತರದ ಪರಿಣಾಮದ ಅರ್ಧದಷ್ಟು ಬದಲಾವಣೆಯಾಗುತ್ತದೆ. ಮಧ್ಯಾಹ್ನ ಕಲಿತ ಹೊಡೆತವನ್ನು ಸಂಜೆ ಮತ್ತೆ ತಿದ್ದಿಕೊಳ್ಳಬೇಕು.

ಚೆಂಡಿನ ಒಳಗಣ ಒತ್ತಡ

ಟೆನ್ನಿಸ್ ಚೆಂಡಿನ ಒಳಗೆ ಸಾಧಾರಣವಾಗಿ ಹೊರಗಿನ ಗಾಳಿಗಿಂತ ಒಂದು ವಾಯುಭಾರದಷ್ಟು ಹೆಚ್ಚಿನ ಒತ್ತಡವಿರುತ್ತದೆ. ಬೆಟ್ಟದಲ್ಲಿ ಹೊರಗಿನ ಒತ್ತಡವು ಇಳಿದಾಗ ಒಳಗಿನದು ಹೆಚ್ಚುಕಡಮೆ ಹಾಗೆಯೇ ಇರುವುದರಿಂದ ಇವೆರಡರ ಅಂತರವು ಹೆಚ್ಚಿ, ಚೆಂಡು ಬಿಗಿಯಾಗಿ, ಇನ್ನೂ ಚುರುಕಾಗಿ ಪುಟಿಯುತ್ತದೆ. ಆಟದ ಅಂತರರಾಷ್ಟ್ರೀಯ ನಿಯಮಗಳು ಇದನ್ನು ಗಮನಿಸಿ, ೧೨೧೯ ಮೀಟರಿಗಿಂತ ಎತ್ತರದ ಊರುಗಳಲ್ಲಿ ಬೇರೆ ಬಗೆಯ ಚೆಂಡುಗಳಿಗೆ ಅವಕಾಶ ಕೊಟ್ಟಿವೆ. ಗ್‌ಸ್ಟಾಡ್ ಊರು ಆ ಮಿತಿಗಿಂತ ನೂರೆಪ್ಪತ್ತು ಮೀಟರಿನಷ್ಟು ಕೆಳಗಿದೆ. ಎತ್ತರದ ತೊಂದರೆಯುಂಟು, ನಿಯಮದ ಪರಿಹಾರವಿಲ್ಲ. ಆದಕಾರಣ ಆಟಗಾರರು ತಾವೇ ಉಪಾಯವನ್ನು ಕಂಡುಕೊಳ್ಳಬೇಕು. ರಾಕೆಟ್ಟಿನ ತಂತಿಗಳನ್ನು ಬಿಗಿಮಾಡಿಸುವುದು ಅಂತಹ ಉಪಾಯಗಳಲ್ಲೊಂದು. ಬಿಗಿಯಾದ ತಂತಿಯು ಚೆಂಡನ್ನು ತುಸು ಕಡಮೆ ವೇಗದಿಂದ ಹೊರಕ್ಕಟ್ಟುತ್ತದೆ. ಹೊಡೆತವನ್ನು ಇನ್ನಷ್ಟು ತಿರುಗಿಸುವುದೂ, ಗೆರೆಗಿಂತ ಹೆಚ್ಚು ಒಳಕ್ಕೆ ಗುರಿಯಿಡುವುದೂ ಉಳಿದ ಉಪಾಯಗಳು.

ಪಂದ್ಯಗಳ ಸಾಕ್ಷ್ಯ

ಈ ವಿಚಾರಗಳಿಗೆ ಗ್‌ಸ್ಟಾಡಿನ ಫಲಿತಾಂಶಗಳು ಹೇಗೆ ಹೊಂದುತ್ತವೆ? ಇಟಲಿಯ ಮತ್ತೆಯೋ ಬೆರೆತ್ತಿನಿ ಬಲವಾದ ಸರ್ವಿಗೆ ಹೆಸರಾದವರು. ಅವರು ೨೦೧೮ ಮತ್ತು ೨೦೨೪ರಲ್ಲಿ ಇಲ್ಲಿ ಗೆದ್ದರು. ಸರ್ವನ್ನೇ ನೆಚ್ಚಿಕೊಂಡ ಕಜಕಸ್ತಾನದ ಅಲೆಕ್ಸಾಂಡರ್ ಬುಬ್ಲಿಕ್ ೨೦೨೫ರಲ್ಲಿ ಮೊದಲು ಜರ್ಮನಿಯ ಹಾಲೆ ಊರಿನ ಹುಲ್ಲಂಕಣದಲ್ಲಿಯೂ ಅನಂತರ ಇಲ್ಲಿಯ ಮಣ್ಣಿನಲ್ಲಿಯೂ ಪ್ರಶಸ್ತಿ ಪಡೆದರು. ಆದರೆ ಇದರಿಂದ ಗ್‌ಸ್ಟಾಡನ್ನು ಹುಲ್ಲಂಕಣವೆಂದೇ ತಿಳಿದರೆ ತಪ್ಪಾಗುತ್ತದೆ. ೧೯೯೨ರಿಂದ ೧೯೯೪ರವರೆಗೆ ಮೂರು ವರ್ಷ ಎಡೆಬಿಡದೆ ಇಲ್ಲಿ ಗೆದ್ದ ಸ್ಪೇನಿನ ಸೆರ್ಗಿ ಬ್ರುಗೇರಾ, ಚೆಂಡನ್ನು ಅತಿಯಾಗಿ ತಿರುಗಿಸಿ ಆಡುವವರು. ೧೯೯೩ ಮತ್ತು ೧೯೯೪ರಲ್ಲಿ ಪ್ಯಾರಿಸ್ಸಿನಲ್ಲಿಯೂ ಗೆದ್ದವರು. ನಾರ್ವೆಯ ಕ್ಯಾಸ್ಪರ್ ರೂಡ್ ೨೦೨೧, ೨೦೨೨ರಲ್ಲಿ ಗೆದ್ದುದೂ ಮಣ್ಣಿನ ಆಟದ ನಿಪುಣತೆಯಿಂದಲೇ. ಗಾಳಿಯು ಸರ್ವಿಗೆ ನೆರವಾಗುತ್ತದೆ, ಮಣ್ಣು ತಾಳ್ಮೆಗೆ ನೆರವಾಗುತ್ತದೆ. ಈ ಊರಿನಲ್ಲಿ ಎರಡಕ್ಕೂ ಎಡೆಯುಂಟು.

ಹೊಂದಿಕೊಳ್ಳುವ ಕಷ್ಟಕ್ಕೆ ರೋಜರ್ ಫೆಡರರ್ ಅವರ ಅನುಭವವು ನಿದರ್ಶನವಾಗಿದೆ. ೧೯೯೮ರಲ್ಲಿ, ತಮ್ಮ ಹದಿನಾರನೆಯ ವಯಸ್ಸಿನಲ್ಲಿ, ಅವರು ವೃತ್ತಿಪರ ಪಂದ್ಯಾವಳಿಯ ಮುಖ್ಯ ಸುತ್ತಿನಲ್ಲಿ ಮೊದಲು ಆಡಿದುದು ಇಲ್ಲಿಯೇ. ಆ ಪಂದ್ಯದಲ್ಲಿ ಸೋತರು. ೨೦೦೩ರಲ್ಲಿ ಮೊದಲ ಸಲ ವಿಂಬಲ್ಡನ್ ಗೆದ್ದೊಡನೆ ಅವರು ಇಲ್ಲಿಗೆ ಬಂದಾಗ, ಜೂಲಿಯೆಟ್ ಎಂಬ ಹಸುವನ್ನು ಅವರಿಗೆ ಉಡುಗೊರೆಯಾಗಿ ಕೊಟ್ಟರು. ಸಮುದ್ರಮಟ್ಟದ ಹುಲ್ಲಿನಿಂದ ಬೆಟ್ಟದ ಮಣ್ಣಿಗೆ ಕೆಲವೇ ದಿನಗಳಲ್ಲಿ ಹಾರಿಬಂದ ಅವರು ಅಂತಿಮ ಪಂದ್ಯದವರೆಗೆ ಏರಿ, ಚೆಕ್ ದೇಶದ ಯಿರ್ಜಿ ನೊವಾಕ್ ಅವರಿಗೆ ಸೋತರು. ಮರುವರ್ಷ, ೨೦೦೪ರಲ್ಲಿ, ಗೆದ್ದರು. ೨೦೧೩ರಲ್ಲಿ ಮತ್ತೆ ಬಂದಾಗ ತಮ್ಮ ಮೊದಲ ಪಂದ್ಯದಲ್ಲಿಯೇ ಜರ್ಮನಿಯ ಡೇನಿಯಲ್ ಬ್ರಾಂಡ್ಸ್ ಅವರಿಗೆ ಸೋತುಹೋದರು. ಸೋಲುಗೆಲುವುಗಳಿಗೆ ಕಾರಣಗಳು ಹಲವಾರಿದ್ದರೂ, ಅಷ್ಟು ದೊಡ್ಡ ಆಟಗಾರನಿಗೂ ಈ ಅಂಕಣವು ಸುಲಭವಾಗಿ ಒಲಿಯಲಿಲ್ಲವೆಂಬುದು ಸ್ಪಷ್ಟ. ನಮ್ಮ ದೇಶದವರೂ ಇಲ್ಲಿ ಯಶಸ್ಸು ಪಡೆದಿದ್ದಾರೆ. ೨೦೨೪ರಲ್ಲಿ ಯೂಕಿ ಭಾಂಬ್ರಿ, ಫ್ರಾನ್ಸಿನ ಅಲ್ಬಾನೊ ಒಲಿವೆಟ್ಟಿಯವರೊಡಗೂಡಿ ಜೋಡಿಯಾಟದ ಪ್ರಶಸ್ತಿಯನ್ನು ಗೆದ್ದರು.

ಎತ್ತರವು ಇನ್ನೂ ಹೆಚ್ಚಿದರೆ ಗಾಳಿಯ ಕೈಯೇ ಮೇಲಾಗುತ್ತದೆ. ಈಕ್ವೆಡಾರ್ ದೇಶದ ಕೀಟೋ ನಗರವು ಸುಮಾರು ೨೮೫೦ ಮೀಟರು ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆಯು ಸಮುದ್ರಮಟ್ಟಕ್ಕಿಂತ ಕಾಲುಭಾಗದಷ್ಟು ಕಡಮೆ. ೨೦೧೫ರಿಂದ ೨೦೧೮ರವರೆಗೆ ಅಲ್ಲಿಯೂ ಮಣ್ಣಿನ ಅಂಕಣದ ಪಂದ್ಯಾವಳಿ ನಡೆಯಿತು. ಮೊದಲ ಮೂರು ವರ್ಷವೂ ಗೆದ್ದವರು ಡೊಮಿನಿಕನ್ ಗಣರಾಜ್ಯದ ವಿಕ್ಟರ್ ಎಸ್ಟ್ರೆಯಾ ಒಬ್ಬರೇ.

ನಾವೇ ಮಾಡಬಹುದಾದ ಪ್ರಯೋಗ

ಈ ಪಾಠವನ್ನು ವಿದ್ಯಾರ್ಥಿಗಳು ಶಾಲೆಯ ಅಂಗಳದಲ್ಲಿಯೇ ಪರೀಕ್ಷಿಸಬಹುದು. ಹೊಸ ಚೆಂಡನ್ನು ೨೫೪ ಸೆಂಟಿಮೀಟರು ಎತ್ತರದಿಂದ ಗಟ್ಟಿಯಾದ ನೆಲದ ಮೇಲೆ ಬಿಟ್ಟರೆ ಅದು ೧೩೫ರಿಂದ ೧೪೭ ಸೆಂಟಿಮೀಟರು ಪುಟಿಯಬೇಕೆಂಬುದು ನಿಯಮ. ಪುಟಿದ ಎತ್ತರವನ್ನು ಬಿಟ್ಟ ಎತ್ತರದಿಂದ ಭಾಗಿಸಿ ವರ್ಗಮೂಲವನ್ನು ತೆಗೆದರೆ ಪುಟಿತಾಂಕವು ಸಿಕ್ಕುತ್ತದೆ, ಅದು ೦.೭೩ರಿಂದ ೦.೭೬ರವರೆಗೆ ಬರುವುದನ್ನು ನೋಡಬಹುದು. ಅದೇ ಚೆಂಡನ್ನು ಸಿಮೆಂಟಿನ ನೆಲ, ತಟ್ಟಿದ ಮಣ್ಣು, ಹುಲ್ಲು ಇವುಗಳ ಮೇಲೆ ಹತ್ತು ಹತ್ತು ಸಲ ಬಿಟ್ಟು ಸರಾಸರಿಯನ್ನು ಬರೆದಿಡಿ. ಬಳಿಕ ಚೆಂಡನ್ನು ಓರೆಯಾಗಿ ಎಸೆದು, ಮಣ್ಣಿನ ಮೇಲೆ ಬೀಳುವ ಗುರುತನ್ನು ಪರೀಕ್ಷಿಸಿ. ಗುರುತು ದುಂಡಾಗಿರದೆ ನೀಳವಾಗಿರುತ್ತದೆ, ಏಕೆಂದರೆ ಚೆಂಡು ಚಪ್ಪಟೆಯಾಗುತ್ತಲೇ ಜಾರಿರುತ್ತದೆ. ಮಣ್ಣಿನ ಅಂಕಣಗಳಲ್ಲಿ ತೀರ್ಪುಗಾರರು ಬಹುಕಾಲ ಪೀಠದಿಂದ ಇಳಿದುಬಂದು ಓದುತ್ತಿದ್ದುದು ಈ ಗುರುತನ್ನೇ. ೨೦೨೫ರಿಂದ ಪುರುಷರ ವೃತ್ತಿಪರ ಪ್ರವಾಸದ ಪಂದ್ಯಾವಳಿಗಳಲ್ಲಿ ಆ ಕೆಲಸವನ್ನು ವಿದ್ಯುನ್ಮಾನ ಯಂತ್ರಗಳು ವಹಿಸಿಕೊಂಡಿವೆ.

ಬೆಂಗಳೂರಿನ ಎತ್ತರವು ಸುಮಾರು ೯೨೦ ಮೀಟರು. ಗ್‌ಸ್ಟಾಡಿಗಿಂತ ಅದು ಬಹಳ ತಗ್ಗೇನೂ ಅಲ್ಲ. ಮಂಗಳೂರಿನ ಕಡಲತೀರದಲ್ಲಿ ಆಟ ಕಲಿತ ವಿದ್ಯಾರ್ಥಿಯು ಬೆಂಗಳೂರಿನಲ್ಲಿ ಆಡುವಾಗ ತನ್ನ ಹೊಡೆತಗಳು ಗೆರೆಯನ್ನು ದಾಟಿಹೋಗುವುದನ್ನು ಕಂಡರೆ, ಕೈಯನ್ನು ದೂರುವ ಮೊದಲು ಗಾಳಿಯ ಸಾಂದ್ರತೆಯನ್ನು ಲೆಕ್ಕ ಹಾಕಿ ನೋಡಲಿ. ಆ ಲೆಕ್ಕಕ್ಕೆ ಬೇಕಾದ ಅಂಕಿಗಳೆಲ್ಲವೂ ಈ ಲೇಖನದಲ್ಲಿಯೇ ಇವೆ.